ಮೀಮೂನನ ತೊಂಬತ್ತು ಲೀಟರ್

ಮೀಮೂನನಷ್ಟು ಪ್ರಾಮಾಣಿಕ ಕಾವಲುಗಾರ ಅಟ್ಲಾಸ್ ಬೆಟ್ಟಗಳ ಯಾವ ಅಣೆಕಟ್ಟಿಗೂ ಸಿಕ್ಕಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಮಣ್ಣಿನ ಕಟ್ಟೆ ಎಂದ ಮೇಲೆ ಒಂದಿಷ್ಟು ಒಸರುತ್ತದೆ. ಎಷ್ಟು ಒಸರಬಹುದು ಎಂಬುದನ್ನು ಹಳೆಯ ಇಂಜಿನಿಯರ್ ಚಿತ್ರ ಬರೆದಿಟ್ಟು ನಿವೃತ್ತನಾಗಿದ್ದ. ಕಟ್ಟೆಯನ್ನು ಅಡ್ಡ ಸೀಳಿದಂತಹ ಚಿತ್ರ. ಒಳಗೆ ನೀರು ನುಸುಳುವ ದಾರಿಗೆ ಬಾಗಿದ ಗೆರೆಗಳು, ಅವನ್ನು ಕತ್ತರಿಸುವ ಇನ್ನಷ್ಟು ಗೆರೆಗಳು. ಹರಿವಿನ ಬಲೆ ಎಂದು ಅದರ ಹೆಸರು. ಬಲೆಯ ಚೌಕಗಳನ್ನು ಎಣಿಸಿ ಲೆಕ್ಕ ಹಾಕಿದರೆ, ಜಲಾಶಯ ತುಂಬಿದಾಗ ನಿಮಿಷಕ್ಕೆ ತೊಂಬತ್ತು ಲೀಟರ್. ಕಟ್ಟೆಯ ಬುಡದ ಕಾಲುವೆಗೆ ಕಂಡಿ ಕೊರೆದ ತಗಡೊಂದನ್ನು ಅಡ್ಡ ನಿಲ್ಲಿಸಿ, ಅಲ್ಲಿ ಹರಿಯುವ ನೀರನ್ನು ದಿನಾ ಅಳೆದು ಬರೆಯುವ ಕೆಲಸವನ್ನು ಮೀಮೂನನಿಗೆ ಒಪ್ಪಿಸಿದ್ದರು.

ಒಂದು ವಸಂತದಲ್ಲಿ ನೂರು ಬಂತು. ತೊಂಬತ್ತು ಸರ್ಕಾರದ್ದು, ಚಿತ್ರದಲ್ಲಿಲ್ಲದ ಹತ್ತು ದೇವರದ್ದು ಎಂದು ಮೀಮೂನ ತೀರ್ಮಾನಿಸಿದ. ತಗಡಿಗಿಂತ ಮೇಲೆ ತೋಡು ತೆಗೆದು, ಆ ಹತ್ತನ್ನಷ್ಟೇ ತಿರುಗಿಸಿ ಒಂದು ಪಾತಿ ಪುದೀನ ಹಾಕಿದ. ಮರುವರ್ಷ ಇನ್ನೂ ಹತ್ತು ಬಂತು, ಇನ್ನೊಂದು ಪಾತಿ. ತೋಡಿನ ಬಾಯಿಯ ಕಲ್ಲನ್ನು ಅತ್ತಿತ್ತ ಸರಿಸಿ, ಕಂಡಿಯ ನೀರನ್ನು ಸರಿಯಾಗಿ ತೊಂಬತ್ತಕ್ಕೆ ತಂದ ಮೇಲೆಯೇ ಅಳತೆಯ ಪುಸ್ತಕ ತೆರೆಯುತ್ತಿದ್ದ. ಪುದೀನವನ್ನು ಅವನ ಮಗಳು ಯಾಮ್ನಾ ಗುರುವಾರದ ಸಂತೆಯಲ್ಲಿ ಮಾರುತ್ತಿದ್ದಳು. ಅವಳನ್ನು ಕೊಟ್ಟಿದ್ದು ಕಟ್ಟೆಯ ಕೆಳಗಿನ ಹಳ್ಳಿಗೇ.

ಹದಿನಾಲ್ಕು ವಸಂತಗಳಲ್ಲೂ ತೊಂಬತ್ತು! ರಾಜಧಾನಿಯ ಕಚೇರಿಯವರು ಹಿಗ್ಗಿ ಹೀರೇಕಾಯಿಯಾದರು. ಚಿತ್ರಕ್ಕೆ ಗಾಜು ಹಾಕಿಸಿ ತರಬೇತಿಗೆ ಬಂದವರಿಗೆಲ್ಲ ತೋರಿಸಿದರು. ಮಣ್ಣು ಇಷ್ಟು ವಿಧೇಯವಾಗಿ ಚಿತ್ರ ನೋಡಿಕೊಂಡು ನಡೆಯುವುದುಂಟೇ ಎಂದು ಯಾರೂ ಕೇಳಲಿಲ್ಲ.

ಕೇಳಿದವಳು ಹೊಸದಾಗಿ ಬಂದ ಇಂಜಿನಿಯರ್ ಸಿಹಾಮ್. ಖುದ್ದಾಗಿ ಬಂದು ಅಳೆದಳು, ತೊಂಬತ್ತೇ. ಮೀಮೂನ ಚಹಾ ಕೊಟ್ಟ. ಇಷ್ಟು ಎಳೆಯ ಪುದೀನ ಎಲ್ಲಿಯದು ಎಂದು ಅವಳು ಕೇಳಿದ್ದೇ ತಡ, ಉಬ್ಬಿಹೋದ ಮೀಮೂನ ಅವಳನ್ನು ಕಣಗಿಲೆ ಪೊದೆಗಳ ಹಿಂದೆ ಕರೆದೊಯ್ದು, ಯಾವ ಪಾತಿ ಯಾವ ವರ್ಷದ್ದು ಎಂದು ಒಂದೂ ಬಿಡದೆ ವಿವರಿಸಿದ.

ಸಿಹಾಮ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆರಳು ಮಡಚುತ್ತ ಹದಿನಾಲ್ಕು ಪಾತಿಗಳನ್ನು ಎಣಿಸಿದಳು.

"ಮೀಮೂನ್ ಅವರೇ, ತೋಡು ಮುಚ್ಚಿ."

ಮುಚ್ಚಿದ. ಕಂಡಿಯಲ್ಲಿ ನೀರು ಏರುತ್ತ ಹೋಗಿ ಇನ್ನೂರ ಮೂವತ್ತಕ್ಕೆ ನಿಂತಿತು. ಅವಳು ಚಹಾದ ಲೋಟದಲ್ಲಿ ಆ ನೀರನ್ನು ಹಿಡಿದು ಸ್ವಲ್ಪ ಹೊತ್ತು ಇಟ್ಟಳು. ತಳದಲ್ಲಿ ಕೆಂಪು ಮಣ್ಣು ಕೂತಿತು.

"ಇದು ಕಟ್ಟೆ ಹೊಟ್ಟೆಯೊಳಗಿನ ಮಣ್ಣು. ನೀರು ಒಳಗೊಳಗೇ ಕೊರ್ಕೊಂಡು ಬರ್ತಿದೆ."

"ಸರ್ಕಾರದ್ದು ಒಂದು ಹನಿ ಮುಟ್ಟಿಲ್ಲ ಮಗಳೇ."

"ಅದೇ ಎಡವಟ್ಟಾಗಿದ್ದು. ಸ್ವಲ್ಪ ಕದ್ದಿದ್ರೂ ಲೆಕ್ಕ ತಪ್ಪಿರೋದು, ಯಾರಾದ್ರೂ ಬಂದು ನೋಡಿರೋರು."

ಜಲಾಶಯದ ನೀರು ಇಳಿಸಲು, ಹಳ್ಳಿ ಖಾಲಿ ಮಾಡಿಸಲು ಅವಳು ಫೋನು ಹಿಡಿದು ಅತ್ತ ಹೋದಳು. ಮೀಮೂನ ಪುಸ್ತಕದಲ್ಲಿ ಇನ್ನೂರ ಮೂವತ್ತು ಎಂದು ಬರೆದ. ಆಮೇಲೆ ಮಗಳ ಮನೆಯತ್ತ ಇಳಿಜಾರಿನಲ್ಲಿ, ಆ ವಯಸ್ಸಿನಲ್ಲೂ, ಓಡಿದ.

ಯಾಮ್ನಾ ಬಾಗಿಲಲ್ಲಿ ನಿಂತು ಅವನ ಬರಿಗೈ ನೋಡಿದಳು. "ನಾಳೆ ಸಂತೆ. ಪುದೀನ ಎಲ್ಲಪ್ಪಾ?"

"ಮಕ್ಕಳನ್ನ ಎತ್ಕೊ, ಗುಡ್ಡ ಹತ್ತು," ಎಂದ ಮೀಮೂನ. ಅವಳು ಯಾಕೆ ಎಂದಳು. ಅವನು ಏದುಸಿರಿನಲ್ಲೇ ಹೇಳಿದ:

"ಇಷ್ಟು ವರ್ಷ ನಿನ್ನ ಕೈಲಿ ಮಾರಿಸಿದ್ದು ಆ ಕಟ್ಟೇನೇ ಕಣಮ್ಮ."