ಹನ್ನೊಂದು ಮನೆಗೆ ನನ್ನದೇ ನಂಬರು

ತೋವಿನಕೆರೆಯ ನಮ್ಮ ಬೀದಿಗೆ ಹೆಲ್ತ್ ಕಾರ್ಡ್ ಮಾಡುವವರು ಬಂದ ದಿನ ಎಲ್ಲ ಹೆಂಗಸರದೂ ಒಂದೇ ಗೋಳು. ಗಂಡಸರು ಫೋನು ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋಗಿದ್ದರು, ಒಟಿಪಿ ಬರಲು ನಂಬರಿಲ್ಲ. "ನನ್ನದೇ ಹಾಕಿಕೊಳ್ಳಿ" ಅಂದೆ. ನಿವೃತ್ತ ಟೀಚರು ನಾನು, ಬಿಂಕ ಇರುವುದಿಲ್ಲವೇ? ಹಿಂದೆ ಈ ಬೀದಿಯ ಕಾಗದಗಳನ್ನು ಓದಿ ಹೇಳುತ್ತಿದ್ದವಳೂ ನಾನೇ. ಕಾಗದ ಯಾರ ಹೆಸರಿಗೇ ಬರಲಿ, ಆ ಮನೆಯವರು ಯಾರು ಬಂದು ಕೂತರೂ ಜಗಲಿಯ ಮೇಲೆ ಗಟ್ಟಿಯಾಗಿ ಓದುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮನೆಯವರಿಗೆ ತಿಳಿಯಬಾರದ ಕಾಗದ ಎಂಬುದೊಂದು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಹೀಗೆ ಹನ್ನೊಂದು ಮನೆಯ ಸಕ್ಕರೆ, ಬಿ.ಪಿ., ಎಕ್ಸ್‌ರೇ ಎಲ್ಲ ನನ್ನ ಫೋನಿಗೆ ಬರತೊಡಗಿದವು. ಯಾವ ಊರಿನಲ್ಲಿ ಕಾರ್ಡು ತೋರಿಸಿದರೂ ವರದಿ ಆನ್‌ಲೈನಿಗೆ ಹೋಗುತ್ತಿತ್ತು, ಲಿಂಕು ನನಗೆ ಬರುತ್ತಿತ್ತು. ನಾನು ಅದನ್ನು ತೆರೆದು, ಇಂಗ್ಲಿಷನ್ನು ಕನ್ನಡ ಮಾಡಿ ಓದುತ್ತಿದ್ದೆ.

ಪಕ್ಕದ ಮನೆಯ ಸೊಸೆ ಪಾವಗಡದ ಕಡೆಯವಳು. ಎರಡು ಹೆಣ್ಣುಮಕ್ಕಳು. ಎರಡನೇ ಹೆರಿಗೆಯಲ್ಲಿ ಬಿ.ಪಿ. ಏರಿ, ಫಿಟ್ಸ್ ಬಂದು, ಬದುಕಿದ್ದೇ ಹೆಚ್ಚು. ಇನ್ನೊಂದು ಹೆತ್ತರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡುಮಗು ಆಗುವವರೆಗೆ ಆಪರೇಷನ್ ಮಾತೇ ಬೇಡವೆಂದು ಮಗನ ಬಾಯಲ್ಲೂ ಹೇಳಿಸಿದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಓದಿಬಿಟ್ಟೆ.

ಆ ಮಧ್ಯಾಹ್ನ ಅತ್ತೆ ನನ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಹೊಟ್ಟೆನೋವೆಂದು ಬೆಳಗ್ಗೆಯೇ ಮಧುಗಿರಿಗೆ ಹೋಗಿದ್ದಳು. ಫೋನು ಸದ್ದು ಮಾಡಿತು.

"ನಿಮ್ಮ ಸೊಸೇದು ರಿಪೋರ್ಟು ಬಂತು" ಅಂದೆ.

"ಓದಿ ಟೀಚರಮ್ಮ, ಏನಂತೆ ನೋಡಾನ."

ಮೊದಲು ಬಾಯಿ, ಆಮೇಲೆ ತಲೆ. ಮೂವತ್ತು ವರ್ಷ ಪಾಠ ಓದಿ ಹೇಳಿದವಳ ಚಾಳಿ ಇದು. "ಗರ್ಭಕೋಶದಲ್ಲಿ ಗಡ್ಡೆ ಏನೂ ಇಲ್ಲ. ವಂಕಿ ಸರಿಯಾದ ಜಾಗದಲ್ಲಿದೆ. ಹಾಕಿಸಿ ಎರಡು ವರ್ಷವಾಗಿದೆ." ಓದಿ ಮುಗಿಸಿದ ಮೇಲೆ ಅರ್ಥ ನನ್ನ ತಲೆಗೆ ಹೊಕ್ಕಿತು. ಅತ್ತೆಯ ಕೈ ನಿಂತುಹೋಗಿತ್ತು.

"ವಂಕಿ ಅಂದ್ರೆ... ಮಕ್ಳಾಗ್ದಂಗೆ ಹಾಕ್ತಾರಲ್ಲ, ಅದಾ?"

"ಬೇರೆ ಯಾರದೋ ಇರ್ಬೇಕು ಕಣಮ್ಮ. ಕಂಪ್ಯೂಟರ್‌ನಲ್ಲಿ ತಪ್ಪಾಗೈತೆ."

"ನೀವು ಓದಿದ್ದು ಯಾವತ್ತಾರ ಸುಳ್ಳಾಗೈತಾ ಟೀಚರಮ್ಮ? ಎಲ್ಡು ವರ್ಸದಿಂದ ದೇವ್ರಿಗೆ ಹರಕೆ ಕಟ್ಕೊಂಡು ಅಲೀತಿದ್ದೀನಿ. ಇವ್ಳು ನೋಡುದ್ರೆ ಇಂಗೆ ಮಾಡವ್ಳೆ!"

ಅವರೆಕಾಯಿಯ ಮೊರವನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ನನ್ನ ಸುಳ್ಳನ್ನು ನಂಬುವ ಒಂದೇ ಒಂದು ಜೀವವೂ ಈ ಬೀದಿಯಲ್ಲಿ ಇರಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು. ಸೊಸೆ ಬಸ್ಸಿಳಿದು ತನ್ನ ಮನೆಗೂ ಹೋಗದೆ ನೇರ ನನ್ನ ಬಳಿಗೆ ಓಡಿಬಂದಳು. ಏದುಸಿರು ಬಿಡುತ್ತಿದ್ದಳು.

"ಈ ಊರಲ್ಲಾದ್ರೆ ಎಲ್ರಿಗೂ ಗೊತ್ತಾಗ್ತೈತೆ ಅಂತ ಮಧುಗಿರಿಗೆ ಹೋದೆ ಟೀಚರಮ್ಮ. ರಿಪೋರ್ಟು ಫೋನಿಗೆ ಬರ್ತೈತೆ ಅಂದ್ರು. ಅವಾಗ ನೆಪ್ಪಾಯ್ತು, ನಂಬರು ನಿಮ್ದು ಅಂತ. ನಿಮ್ಮ ಕಾಲಿಗೆ ಬೀಳ್ತೀನಿ, ನಮ್ಮತ್ತೆಗೆ ಓದ್ಬೇಡಿ. ಅಳಿಸ್ಬುಡಿ ಅಮ್ಮಾ."

ಅವಳ ಕಣ್ಣು ಅತ್ತೆಯ ಮೊರದ ಮೇಲೆ ಬಿತ್ತು.

"ಓದ್ಬುಟ್ರಾ?"

ಹೌದೆಂದು ತಲೆಯಾಡಿಸಿದೆ. "ಅಯ್ಯೋ ದೇವುಡಾ" ಎಂದು ಹೊಸ್ತಿಲಲ್ಲೇ ಕುಸಿದು ಕೂತಳು. ಎತ್ತಲು ಕೈ ಚಾಚಿದರೆ ನನ್ನ ಕೈಯನ್ನು ಸರಿಸಿದಳು.

ಆ ವಾರ ಅವರ ಮನೆಯ ಬಾಗಿಲಿಗೆ ಮೂರು ಸಲ ಹೋದೆ. ಡಾಕ್ಟರ ಮಾತನ್ನು ಅವಳ ಗಂಡನಿಗೆ ನೆನಪಿಸಿದೆ, ಕೈ ಮುಗಿದೆ. ಅವನು ನನ್ನ ಶಿಷ್ಯನೇ. ನೆಲ ನೋಡುತ್ತಾ, "ಇದು ನಮ್ಮನೆ ವಿಷ್ಯ, ಬುಡಿ ಟೀಚರಮ್ಮ" ಅಂದ. ನನ್ನ ಶಿಷ್ಯನ ಕೈಲೇ ಬುದ್ಧಿ ಹೇಳಿಸಿಕೊಂಡು ಬಂದೆ. ವಂಕಿ ತೆಗೆಸದಿದ್ದರೆ ಮಕ್ಕಳನ್ನು ಬಿಟ್ಟು ಪಾವಗಡದ ಬಸ್ಸು ಹತ್ತಬೇಕೆಂದು ಅತ್ತೆ ಹೇಳಿದ್ದಳಂತೆ. ಸೊಸೆ ತೆಗೆಸಿಕೊಂಡಳು. ಆ ವರದಿಯೂ ನನ್ನ ಫೋನಿಗೇ ಬಂತು. ಬಾಗಿಲು ಹಾಕಿಕೊಂಡು ಓದಿ ಕಣ್ಣೀರು ಹಾಕಿದೆ. ಅಳುವುದಕ್ಕೂ ನನಗೇನು ಹಕ್ಕು?

ಈಗ ಅವಳಿಗೆ ಐದು ತಿಂಗಳು. ಕಾಲು ಊದಿದೆ. ಮೊನ್ನೆ ಬಂದ ವರದಿಯಲ್ಲಿ ಬಿ.ಪಿ. ಮತ್ತೆ ಏರಿತ್ತು. ನೀರಿಗೆ ಬಂದವಳನ್ನು ನಲ್ಲಿಯ ಹತ್ತಿರ ತಡೆದು, "ನಿನ್ನ ಕಾರ್ಡಿನಿಂದ ನನ್ನ ನಂಬರು ತೆಗೆಸಿಬಿಡೋಣ ಕಣಮ್ಮ. ನಿನಗೇ ಒಂದು ಫೋನು ಕೊಡಿಸ್ತೀನಿ" ಅಂದೆ.

ಅವಳು ಕೊಡ ತುಂಬಿಸಿ ಸೊಂಟಕ್ಕೆ ಏರಿಸಿಕೊಂಡಳು. ಆಮೇಲೆ, ಕೋಪವೂ ಇಲ್ಲದ ದನಿಯಲ್ಲಿ ಹೇಳಿದಳು:

"ಇರ್ಲಿ ಬುಡಿ ಟೀಚರಮ್ಮ. ನಂಗೇನಾರ ಆದ್ರೆ ಆ ಸುದ್ದಿನೂ ಮೊದ್ಲು ನಿಮ್ಗೇ ಬರ್ಲಿ. ಅದ್ನೂ ಗಟ್ಟಿಯಾಗಿ ಓದಿ."