ಹೊರಗಿನ ಕೊಂಡಿ

ಶಾಂತಾ, ಆ ದಿನ ಮಗ್ಗದ ಕೋಣೆಯ ಬಾಗಿಲನ್ನು ಹಿಡಿದಿದ್ದದ್ದು ದೆವ್ವವಲ್ಲ, ನಾನು. ಹೊರಗಿನಿಂದ ಕೊಂಡಿ ಹಾಕಿ ನೀರಿಗೆ ಹೋಗಿದ್ದೆ.

ನಿನ್ನ ಅಣ್ಣನ ಹೆಂಡತಿಯಾಗಿ ನಾನು ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಳಕಲ್ಲಿನ ಹತ್ತಿರದ ಈ ಊರಲ್ಲಿ ಮನೆಮನೆಗೂ ಮಗ್ಗ. ನನ್ನ ತವರಲ್ಲಿ ಒಂದೂ ಇರಲಿಲ್ಲ. ಸೀರೆಯ ಮೈಯ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತೀರಲ್ಲ, ಆ ಕೊಂಡಿ ನನ್ನ ಕೈಗೆ ಹತ್ತಲೇ ಇಲ್ಲ. ನಿನ್ನ ಮದುವೆಯ ಸೀರೆಗೆ — ಬಾದಾಮಿಯ ಹುಡುಗನ ಜೊತೆ ಮಾತು ಮುಗಿದಿತ್ತು — ನಾನು ಹಾಕಿದ ಕೊಂಡಿಗಳೆಲ್ಲ ಬಿಚ್ಚಿಕೊಂಡವು. ಮಗ್ಗದ ಕೆಳಗಿನ ತಗ್ಗು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೀನು ನಕ್ಕೆ. "ವೈನಿ, ನಿಮ್ಮ ಕೊಂಡಿ ಯಾವತ್ತರ ನಿಂತೈತೇನ್ರಿ?"

ಬಾಗಿಲಿಗೆ ಹಾಕುವುದೂ ಕೊಂಡಿಯೇ ಅಲ್ಲವೇ. ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು ನಾನು. ಹೊರಗೆ ಬಂದೆ, ಬಾಗಿಲು ಎಳೆದುಕೊಂಡೆ, ಸದ್ದಾಗದಂತೆ ಕೊಂಡಿ ಸಿಕ್ಕಿಸಿದೆ. ಇದು ನಿಲ್ಲುತ್ತದೋ ಇಲ್ಲವೋ ನೋಡು ಅಂದುಕೊಂಡೆ. ಚೇಷ್ಟೆ ಅಂತ ಹೇಳಬಹುದಿತ್ತು — ಚೇಷ್ಟೆಯಲ್ಲ. ನೀನು ಸ್ವಲ್ಪ ಅಳಲಿ ಎಂದೇ ಮನಸ್ಸಿನಲ್ಲಿತ್ತು.

ಭಾವಿಯ ಹತ್ತಿರ ಇದ್ದಾಗ ಎರೆಹೊಲದಿಂದ ಸುಂಟರಗಾಳಿ ಎದ್ದಿತು. ಧೂಳು, ಜೋಳದ ಒಣ ಎಲೆಯ ರವದಿ, ಯಾರದೋ ಒಣಹಾಕಿದ ಧೋತರ, ಎಲ್ಲ ಗಿರಗಿರ ತಿರುಗುತ್ತ ನಮ್ಮ ಓಣಿಯ ಮೇಲೆ ಹಾದುಹೋದವು. ನಾನು ಭಾವಿಕಟ್ಟೆ ತಬ್ಬಿಕೊಂಡು ಕೂತೆ. ಕಣ್ಣು ತೆರೆಯುವಷ್ಟರಲ್ಲಿ ಗಾಳಿ ಊರು ದಾಟಿತ್ತು. ಒಂದು ಬಣವೆ ಚದುರಿತ್ತು, ಬೇವಿನ ಟೊಂಗೆ ಮುರಿದಿತ್ತು, ನಮ್ಮ ಮಗ್ಗದ ಕೋಣೆಯ ತಗಡು ಹಾರಿತ್ತು. ಊರಿಗೆ ಆದ ನಷ್ಟ ಅಷ್ಟೇ.

ಓಡಿ ಬಂದೆ. ಒಳಗೆ ಸದ್ದಿರಲಿಲ್ಲ. ಓಣಿಯವರು ಬರುವ ಮೊದಲೇ ಕೊಂಡಿ ತೆಗೆದೆ — ಮೊದಲು ಅದನ್ನು ಮಾಡಿದೆ, ಆಮೇಲೆ ನಿನ್ನನ್ನು ನೋಡಿದೆ. ನೀನು ಕುಣಿಯೊಳಗೆ ಮುದುಡಿಕೊಂಡಿದ್ದೆ, ಮೇಲೆ ಒಂದು ತಗಡು ಅಡ್ಡ ಬಿದ್ದಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಆದರೆ ನಿನ್ನ ನಾಲಿಗೆ ಹೊರಳಲಿಲ್ಲ.

ಸಂಜೆ ಹುನಗುಂದದ ಸಂತೆಯಿಂದ ಬಂದ ಅತ್ತೆ, "ನನ್ನ ಮಗಳಿಗೆ ಏನಾತಽ?" ಎಂದು ಕೂಗಿದರು.

"ಗಾಳಿ ಬಡೀತ್ರಿ ಅತ್ತಿ" ಅಂದೆ.

ನಾನು ಹೇಳಿದ್ದು ಬೀಸುವ ಗಾಳಿ. ಅವರು ಕೇಳಿಸಿಕೊಂಡದ್ದು ಮೈಗೆ ಸೋಕುವ ಗಾಳಿ. ಹಾಗಲ್ಲ ಎನ್ನಲು ಬಾಯಿ ತೆರೆದೆ, ಹಾಗೆಂದರೆ ಬಾಗಿಲಿನ ಮಾತೂ ಬರುತ್ತದೆ ಎಂದು... ಮುಚ್ಚಿಕೊಂಡೆ. ಕೆಲವು ದಿನಗಳ ಮೇಲೆ ನಿನಗೆ ಮಾತು ಬಂತು. "ಬಾಗಲಾ ಯಾರೋ ಹಿಡದಿದ್ರಬೇ ಯವ್ವಾ. ಎಷ್ಟ ಬಡದ್ರೂ, ಎಷ್ಟ ಜಗ್ಗಿದ್ರೂ ಬಿಡಲಿಲ್ಲ." ಇನ್ನೇನು ಬೇಕಿತ್ತು? ನಿನ್ನ ಬಾಯಿಂದಲೇ ಸಾಕ್ಷಿ ಸಿಕ್ಕಿತ್ತು.

ಬಾದಾಮಿಯವರು ತಿರುಗಿ ನೋಡಲಿಲ್ಲ. ಬೇರೆಯವರು ಬಂದರು, ಓಣಿಯಲ್ಲಿ ವಿಚಾರಿಸಿ ಹಾಗೇ ಹೋದರು. ಅಮಾವಾಸ್ಯೆಗೊಮ್ಮೆ ನಿನಗೆ ನಿಂಬೆಹಣ್ಣು ಇಳಿಸುವಾಗ ತಾಟು ಹಿಡಿದವಳು ನಾನು. ತವರಿಗೆ ಅಟ್ಟಿಬಿಡುತ್ತಾರೆ ಎಂಬ ಹೆದರಿಕೆ ಮೊದಲಿಗಿತ್ತು. ಮಕ್ಕಳಾದ ಮೇಲೆ ಅದೂ ಉಳಿಯಲಿಲ್ಲ — ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಒಂದು ಪ್ರಶ್ನೆಯೇ ನನ್ನನ್ನು ಒಳಗೆ ಹಾಕಿ ಹೊರಗಿನಿಂದ ಕೊಂಡಿ ಜಡಿಯಿತು. ನೀನಾದರೂ ಬಾಗಿಲು ಬಡಿದೆ. ನಾನು ಒಮ್ಮೆಯೂ ಬಡಿಯಲಿಲ್ಲ.

ನಿನ್ನ ತಲೆ ಈಗ ನರೆತಿದೆ. ಚಳಿಗಾಲದಲ್ಲೂ ಬಾಗಿಲು ತೆರೆದೇ ಮಲಗುತ್ತೀ. ಅತ್ತೆ ಇನ್ನೂ ಇದ್ದಾರೆ. ಈ ಅಮಾವಾಸ್ಯೆಗೆ ನಿನ್ನ ತೋಳಿಗೆ ಹೊಸ ತಾಯತ ಕಟ್ಟಲು ಕೂತಾಗ, ಅವರ ಕೈ ಹಿಡಿದು, ಓಣಿಯವರ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ಒಮ್ಮೆ ನೀನು ನೂಲು ಸುತ್ತುತ್ತ ಕೇಳಿದ್ದೆ, "ವೈನಿ, ಅವತ್ತ ಬಾಗಲಾ ಖರೇನ ಯಾರೋ ಹಿಡದಿದ್ರು. ನೀವರ ನನ್ನ ನಂಬ್ತೀರಿಲ್ರಿ?"

"ನಂಬ್ತೇನವ್ವಾ" ಅಂದಿದ್ದೆ. ಇಷ್ಟು ವರ್ಷಗಳಲ್ಲಿ ಅದೊಂದನ್ನು ಮಾತ್ರ ನಿನಗೆ ಖರೆ ಹೇಳಿದ್ದೇನೆ.