ಅತ್ತೆ ಬೇಡವೆಂದ ಎಲೆಅಡಿಕೆ

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿಯೇ ನಮ್ಮತ್ತೆಯ ದವಡೆಯ ಕಾಯಿಲೆ ಅಷ್ಟು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಹೊತ್ತುಹೊತ್ತಿಗೆ ಮುದ್ದೆ ಒಳಗೆ ಹೋಗುತ್ತಿದೆಯಲ್ಲ, ಇನ್ನೇನು ಎಂದು ಮನೆಯವರೆಲ್ಲ ನಿಶ್ಚಿಂತೆಯಾಗಿದ್ದರು. ಬಡಿಸುವವಳು ನಾನು. ತುತ್ತು ಸಣ್ಣದಾಗುತ್ತಾ ಬಂದದ್ದು ನನಗೆ ಕಾಣುತ್ತಿತ್ತು. ಆದರೆ ಹಸು, ತೋಟ, ಅಡುಗೆ ಎಲ್ಲ ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, ಕಂಡದ್ದರ ಬಗ್ಗೆ ಯೋಚಿಸುವ ತ್ರಾಣ ಯಾರಿಗಿರುತ್ತದೆ?

ಮೊದಲು ಬಲಗಿವಿ ನೋವು ಎಂದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟೆ. ನಮ್ಮಲ್ಲಿ ಎಲ್ಲ ನೋವಿಗೂ ಅದೇ ಮೊದಲ ಡಾಕ್ಟರು. ಆಮೇಲೆ ಬೆಳಗಾದರೆ ತಲೆನೋವು. ಆಕಳಿಸಿದರೆ ಕಿವಿಯ ಹತ್ತಿರ ಟಕ್ ಎನ್ನುವುದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಅಟ್ಟದ ತೆಂಗಿನಕಾಯಿ ಒಣಗಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಅಲ್ಲಾಡಿಸಿ ನೋಡುವಾಗ ಯಾವತ್ತೂ ಬಲಗಿವಿಗೆ ಹಿಡಿಯುತ್ತಿದ್ದವರು ಈಗ ಎಡಗಿವಿಗೆ ಹಿಡಿಯತೊಡಗಿದರು. ಗಂಡನಿಗೆ ಹೇಳಿದೆ.

"ವಯಸ್ಸಾಯ್ತಲ್ಲ, ಬುಡು" ಅಂದರು. ಈ ಮನೆಯ ಅರ್ಧ ಕಾಯಿಲೆಗೆ ಅದೊಂದೇ ಔಷಧಿ.

ಅಷ್ಟರಲ್ಲಿ ಹಂದನಕೆರೆಯಲ್ಲಿ ಅತ್ತೆಯ ತಂಗಿಯ ಮಗನ ಮದುವೆ ಬಂತು. ಹುಡುಗಿಯ ಮನೆ ಸರಿಯಿಲ್ಲ ಎಂದು ಅತ್ತೆ ಮೊದಲೊಮ್ಮೆ ಮೂಗು ಮುರಿದಿದ್ದರು. ಸೊಸೆ ಮನೆ ತುಂಬಿದ ದಿನ ಊಟವಾದ ಮೇಲೆ ಆ ಹುಡುಗಿ ಹಿರಿಯರಿಗೆಲ್ಲ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಮಡಿಸಿ ತಾನೇ ಬಾಯಿಗಿಡುತ್ತಾ ಬಂದಳು. ಅತ್ತೆಯ ಸರದಿ ಬಂದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕೈಯನ್ನು ಸರಿಸಿಬಿಟ್ಟರು. ನೆಂಟರೆಲ್ಲ ನೋಡಿದರು. ಹುಡುಗಿಯ ಕೈಯಲ್ಲಿ ಎಲೆ ಹಾಗೇ ಉಳಿಯಿತು. ನಮ್ಮ ಸೀಮೆಯಲ್ಲಿ ಕೊಟ್ಟ ಎಲೆಅಡಿಕೆ ಬೇಡವೆಂದರೆ ಸಂಬಂಧವೇ ಬೇಡವೆಂದಂತೆ.

"ನನ್ನ ಸೊಸೆ ಹಿಡಿಸಲಿಲ್ಲ ಅಂದ್ರೆ ಬಾಯಲ್ಲಿ ಹೇಳ್ಬೋದಿತ್ತು ಕಣಕ್ಕ" ಎಂದು ಚಿಕ್ಕತ್ತೆ ಅಲ್ಲಿಯೇ ಅಂದರು. ಅತ್ತೆ ಬಾಯಿಗಿಟ್ಟ ಸೆರಗು ತೆಗೆಯದೆ ಎದ್ದು ಹೋದರು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ದಿನಾ ಸಂಜೆ ಬರುತ್ತಿದ್ದ ಫೋನೂ ನಿಂತಿತು. ಅತ್ತೆ ಆ ಹೊತ್ತಿಗೆ ಫೋನಿನ ಪಕ್ಕ ಕೂತು ಕೆನ್ನೆ ಹಿಡಿದುಕೊಂಡಿರುತ್ತಿದ್ದರು. ಅವರಿಬ್ಬರ ನಡುವೆ ಸಮಾಧಾನ ಹೇಳಿ ಹೇಳಿ ನನಗೆ ಸಾಕುಸಾಕಾಗಿತ್ತು. ಅಕ್ಕನದು ಒಂದು ಮೌನ, ತಂಗಿಯದು ನೂರು ಮಾತು, ಎರಡನ್ನೂ ಹೊರುವವಳು ಸೊಸೆಯಾದ ನಾನು.

ಒಂದು ಬೆಳಿಗ್ಗೆ ಅತ್ತೆ ಹಲ್ಲುಜ್ಜಲು ಬಾಯಿ ತೆರೆದವರು ಅರ್ಧಕ್ಕೇ ನಿಂತರು. ದವಡೆ ಒಂದು ಪಕ್ಕಕ್ಕೆ ವಾಲಿತ್ತು, ಕಣ್ಣಲ್ಲಿ ನೀರು. ಆಗ ಕಿವಿನೋವು, ಟಕ್ ಸದ್ದು, ಸಣ್ಣ ತುತ್ತು, ಬೇಡವೆಂದ ಎಲೆಅಡಿಕೆ, ಎಲ್ಲವೂ ನನ್ನ ತಲೆಯಲ್ಲಿ ಒಂದೇ ಕಡೆ ಬಂದು ಕೂತವು. ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ತಿಪಟೂರಿನ ಹಲ್ಲಿನ ಡಾಕ್ಟರು ಎರಡೂ ಕಿವಿಯ ಮುಂದೆ ಬೆರಳಿಟ್ಟು "ಬಾಯಿ ತೆಗೀರಿ, ಮುಚ್ಚಿ" ಎಂದರು. ಬಾಯೊಳಗೆ ಎರಡು ಬೆರಳು ಕಷ್ಟದಿಂದ ಹಿಡಿಸಿದವು. ಕಿವಿಗೇನೂ ಆಗಿಲ್ಲ, ನೋವಿರುವುದು ದವಡೆಯ ಕೀಲಿನಲ್ಲಿ, ಅಡಿಕೆ ಬಿಡಬೇಕು, ಬಿಸಿ ಬಟ್ಟೆಯ ಶಾಖ ಕೊಡಬೇಕು, ಮೆತ್ತಗಿನದನ್ನೇ ತಿನ್ನಬೇಕು ಎಂದರು. ಚಿಕ್ಕತ್ತೆಗೆ ಫೋನು ಮಾಡಿ ಹೇಳಿದೆ.

"ಡಾಕ್ಟ್ರ ನೆಪ ನನ್ಹತ್ರ ಬ್ಯಾಡ ಕಣಮ್ಮ" ಎಂದು ಇಟ್ಟುಬಿಟ್ಟರು.

ಬೇರೆ ದಾರಿಯಿಲ್ಲದೆ ಅತ್ತೆಯನ್ನು ಬಸ್ಸು ಹತ್ತಿಸಿಕೊಂಡು ಹಂದನಕೆರೆಗೆ ಹೋದೆ. ಚಿಕ್ಕತ್ತೆ ನೀರು ಕೊಟ್ಟರು. ಎಲೆಅಡಿಕೆ ತಟ್ಟೆ ಮಾತ್ರ ಗೂಡಿನಿಂದ ಇಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಅಂಗಳ ನೋಡುತ್ತಾ ಕೂತರು. ನಾನು ಹೇಳಬೇಕೆಂದುಕೊಂಡು ಬಂದಿದ್ದ ಮಾತೆಲ್ಲ ದಣಿವಿನಲ್ಲಿ ಮರೆತೇ ಹೋಗಿತ್ತು.

ಅತ್ತೆ ತಂಗಿಯ ಕೈ ಎಳೆದುಕೊಂಡರು. ಎರಡು ಬೆರಳನ್ನು ತಮ್ಮ ಬಲಗಿವಿಯ ಮುಂದೆ ಒತ್ತಿಕೊಂಡು, ನೋವು ನುಂಗಿ ಬಾಯಿ ತೆರೆದರು. ಟಕ್ ಎಂದಿತು. ಚಿಕ್ಕತ್ತೆ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತಾವೇ ಮತ್ತೆ ಅಲ್ಲಿಟ್ಟರು.

"ಇಷ್ಟು ನೋವಿಟ್ಕೊಂಡು ನಂಗೊಂದು ಮಾತು ಹೇಳ್ಬಾರ್ದಾ ಅಕ್ಕ?"

"ಮದ್ವೆ ಮನೇಲಿ ನನ್ನ ದವಡೆ ರಾಮಾಯಣ ಯಾರಿಗೆ ಬೇಕಿತ್ತೇ?"

ಬಾಗಿಲ ಮರೆಯಲ್ಲಿ ಆ ಹುಡುಗಿ ನಿಂತಿದ್ದಳು. ಒಳಗೆ ಬರಬೇಕೋ ಬೇಡವೋ ಗೊತ್ತಾಗದೆ ಸೆರಗಿನ ತುದಿ ಹಿಂಡುತ್ತಿದ್ದಳು. ಅತ್ತೆ ಅವಳನ್ನು ಹತ್ತಿರ ಕರೆದರು.

"ಮುದ್ದೆ ತಿರುವಾಕೆ ಬತ್ತದೇನವ್ವ? ಒಸಿ ಮೆತ್ತಗೆ ಮಾಡು. ಇವತ್ತು ನನಗೆ ನಿನ್ನ ಕೈ ಊಟ."